ಟೂರ್ನಿಕೆಟ್ ಬಿಗಿದ ಮೇಲೆ ಶುರುವಾಗುವ ಕೆಲಸ

ತೊಡೆಯ ದೊಡ್ಡ ಅಪಧಮನಿ ಹರಿದರೆ ಗಟ್ಟಿಮುಟ್ಟಾದ ಆಳೂ ಮೂರು ನಿಮಿಷದಲ್ಲಿ ಹೋಗಿಬಿಡಬಹುದು. ಹಾಗಾಗಿ ಯುದ್ಧಭೂಮಿಯ ಮೆಡಿಕ್ ಮೊದಲು ನೋಡುವುದು ಉಸಿರನ್ನಲ್ಲ, ರಕ್ತವನ್ನು. 1996ರಲ್ಲಿ ಅಮೆರಿಕದ ವಿಶೇಷ ಪಡೆಗಳಿಗಾಗಿ ಹುಟ್ಟಿದ ಟಿಸಿಸಿಸಿ (ಯುದ್ಧಭೂಮಿಯಲ್ಲಿ ಗಾಯಾಳುಗಳ ಆರೈಕೆ) ಪದ್ಧತಿ ಈ ಸರದಿಯನ್ನು ಗಟ್ಟಿ ಮಾಡಿತು. ಬಾಗ್ದಾದಿನ ಸೇನಾ ಆಸ್ಪತ್ರೆಯೊಂದಕ್ಕೆ 2006ರಲ್ಲಿ ಬಂದ, ಟೂರ್ನಿಕೆಟ್ (ಕೈಕಾಲಿಗೆ ಸುತ್ತಿ, ಕಡ್ಡಿ ತಿರುಗಿಸಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ) ಕಟ್ಟಿದ್ದ 232 ಗಾಯಾಳುಗಳ ಲೆಕ್ಕ ನೋಡಿ: ಶಾಕ್‌ಗೆ (ರಕ್ತ ನಷ್ಟದಿಂದ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ) ಜಾರುವ ಮೊದಲೇ ಪಟ್ಟಿ ಬಿದ್ದವರಲ್ಲಿ ಶೇ 90 ಮಂದಿ ಉಳಿದರು, ಜಾರಿದ ಮೇಲೆ ಬಿದ್ದವರಲ್ಲಿ ಶೇ 10 ಮಾತ್ರ.

ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಎಡವುವುದು ಕಟ್ಟುವ ರೀತಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಕಟ್ಟಿದ ಮೇಲೆ.

ಗುಂಡು ಹಾರುತ್ತಿರುವಾಗ ಗಾಯ ಹುಡುಕುತ್ತ ಕೂರಬಾರದು. ಬಟ್ಟೆಯ ಮೇಲೆಯೇ, ತೊಡೆ ಅಥವಾ ತೋಳಿನ ಆದಷ್ಟು ಮೇಲ್ಭಾಗಕ್ಕೆ ಹಾಕಿ ಬಿಗಿದು, ಗಾಯಾಳುವನ್ನು ಮರೆಗೆ ಎಳೆಯಬೇಕು. ಜೇಬಿನಲ್ಲಿ ಮೊಬೈಲೋ ಮ್ಯಾಗಜೀನೋ ಇದ್ದರೆ ಪಟ್ಟಿ ಅದರ ಮೇಲೆ ಕೂತು ಒತ್ತಡ ರಕ್ತನಾಳದವರೆಗೆ ಹೋಗುವುದೇ ಇಲ್ಲ. ಒಮ್ಮೆ ಕೈಯಾಡಿಸಿ ನೋಡಲು ಎರಡು ಸೆಕೆಂಡು ಸಾಕು.

ಹೊಸಬರ ದೊಡ್ಡ ತಪ್ಪೆಂದರೆ ಪಟ್ಟಿ ಸಡಿಲವಿರುವಾಗಲೇ ಕಡ್ಡಿ ತಿರುಗಿಸಲು ಹೊರಡುವುದು. ಮೊದಲು ಕೈಬಲದಿಂದಲೇ ಎಳೆದು ವೆಲ್ಕ್ರೋ ಅಂಟಿಸಬೇಕು. ಪಟ್ಟಿಯಡಿ ಮೂರು ಬೆರಳ ತುದಿ ತೂರಿದರೆ ಇನ್ನೂ ಸಡಿಲವೆಂದೇ ಅರ್ಥ. ಸರಿಯಾಗಿ ಎಳೆದಿದ್ದರೆ ಕಡ್ಡಿಯನ್ನು ಎರಡು ಮೂರು ಸಲ ತಿರುಗಿಸುವಷ್ಟರಲ್ಲಿ ರಕ್ತ ನಿಲ್ಲುತ್ತದೆ. ಐದು ಆರು ಸಲ ತಿರುಗಿಸಬೇಕಾಗಿ ಬಂದರೆ ಕಡ್ಡಿ ಬಾಗುತ್ತದೆ, ಚರ್ಮ ಸಿಕ್ಕಿಕೊಳ್ಳುತ್ತದೆ, ರಕ್ತ ಮಾತ್ರ ಹರಿಯುತ್ತಲೇ ಇರುತ್ತದೆ.

ಅರೆಬರೆ ಬಿಗಿದ ಪಟ್ಟಿ ಕಟ್ಟದ ಪಟ್ಟಿಗಿಂತ ಕೆಟ್ಟದ್ದಾಗಬಹುದು. ಹೃದಯಕ್ಕೆ ಮರಳುವ ಅಭಿಧಮನಿ ಮುಚ್ಚುತ್ತದೆ, ಕಾಲಿಗೆ ಇಳಿಯುವ ಅಪಧಮನಿ ತೆರೆದೇ ಇರುತ್ತದೆ. ರಕ್ತ ಒಳಗೆ ನುಗ್ಗುತ್ತದೆ, ಹಿಂದಿರುಗಲು ದಾರಿಯಿಲ್ಲ. ಕಾಲು ಊದುತ್ತದೆ, ಗಾಯದಿಂದ ಸೋರುವುದೂ ಹೆಚ್ಚುತ್ತದೆ. ಆದ್ದರಿಂದ ಗಾಯದ ರಕ್ತ ನಿಂತಿತೆಂದು ಸುಮ್ಮನಾಗದೆ, ಪಾದವೋ ಮಣಿಕಟ್ಟೋ ಉಳಿದಿದ್ದರೆ ಅಲ್ಲಿ ನಾಡಿ ಹಿಡಿದು ನೋಡಬೇಕು. ನಾಡಿ ಸಿಕ್ಕರೆ ಇನ್ನಷ್ಟು ಬಿಗಿಯಿರಿ. ಆಗಲಿಲ್ಲವೆಂದರೆ ಮೊದಲನೆಯದರ ಪಕ್ಕದಲ್ಲೇ ಎರಡನೆಯದನ್ನು ಹಾಕಿ.

ಗಾಯಾಳು ಎಚ್ಚರದಲ್ಲಿದ್ದರೆ ಕೂಗಾಡುತ್ತಾನೆ. ಸರಿಯಾಗಿ ಬಿಗಿದ ಟೂರ್ನಿಕೆಟ್ ನೋಯಲೇಬೇಕು. ನೋವಿಗೆ ಕೆಟಮಿನ್ ಇದೆ, ಪಟ್ಟಿ ಸಡಿಲಿಸುವುದು ಅದಕ್ಕೆ ಮದ್ದಲ್ಲ. ‘ಆಗಾಗ ಸ್ವಲ್ಪ ಬಿಟ್ಟು ಕಾಲಿಗೆ ರಕ್ತ ಕೊಡಬೇಕು’ ಎಂಬ ಹಳೆಯ ಪಾಠವನ್ನಂತೂ ಮರೆತುಬಿಡಿ. ಅದು ಮನುಷ್ಯನನ್ನು ಕಂತಿನಲ್ಲಿ ಕೊಲ್ಲುವ ದಾರಿ.

ಮರೆಗೆ ಬಂದ ಮೇಲೆ ಬಟ್ಟೆ ಕತ್ತರಿಸಿ ಗಾಯ ನೋಡಿ. ಪಟ್ಟಿ ಇನ್ನೂ ಬೇಕೆಂದಾದರೆ ಗಾಯದಿಂದ 5ರಿಂದ 7 ಸೆಂ.ಮೀ. ಮೇಲೆ, ಬರಿಮೈಗೆ ಹೊಸದೊಂದನ್ನು ಹಾಕಿ, ಆಮೇಲೆ ಹಳೆಯದನ್ನು ಬಿಡಿಸಿ. ಮಂಡಿ, ಮೊಣಕೈಗಳ ಕೀಲಿನ ಮೇಲೆಯೇ ಬೇಡ. ಸ್ಟ್ರೆಚರಿಗೆ ಎತ್ತಿದಾಗ, ಗಾಡಿಗೆ ಏರಿಸಿದಾಗ, ರಕ್ತ ಕೊಟ್ಟು ಬಿಪಿ ಏರಿದಾಗ, ಪ್ರತಿಸಲವೂ ಮತ್ತೆ ನೋಡಿ. ನಿಂತಿದ್ದ ರಕ್ತ ಇಂಥ ಹೊತ್ತಿನಲ್ಲೇ ಕಂಬಳಿಯಡಿ ಗೊತ್ತಾಗದಂತೆ ಹರಿಯತೊಡಗುತ್ತದೆ.

ಇನ್ನು ಗಡಿಯಾರದ ಮಾತು. ಅಫ್ಘಾನಿಸ್ತಾನದಲ್ಲಿ 2009ರ ನಂತರ ಗಾಯಾಳುವನ್ನು ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ತಲುಪಿಸುವ ಗುರಿಯಿತ್ತು. ಹೆಲಿಕಾಪ್ಟರ್ ಬರುತ್ತಿತ್ತು, ಪಟ್ಟಿಯ ಚಿಂತೆ ಸರ್ಜನ್‌ದಾಗಿತ್ತು. ಉಕ್ರೇನಿನಲ್ಲಿ ಡ್ರೋನ್‌ಗಳ ಕಾಟದಿಂದ ಸಾಗಿಸುವುದೇ ಎಷ್ಟೋ ಗಂಟೆ ತಡವಾಗುತ್ತದೆ. ಸಣ್ಣ ಗಾಯಕ್ಕೂ ಬಿಗಿದ ಪಟ್ಟಿ ಹಾಗೇ ಉಳಿದು, ಉಳಿಸಬಹುದಾಗಿದ್ದ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗಗಳಿವೆ. ಹಾಗಾಗಿ ಬಿಗಿಯುವಷ್ಟೇ ಮುಖ್ಯವಾಗಿ ಬಿಚ್ಚುವುದನ್ನೂ ಕಲಿಯಬೇಕು.

ಎರಡು ಗಂಟೆಯೊಳಗೆ ಟೂರ್ನಿಕೆಟ್‌ನಿಂದ ಒತ್ತುಪಟ್ಟಿಗೆ (ಗಾಯವನ್ನೇ ಒತ್ತಿ ಹಿಡಿಯುವ ಬ್ಯಾಂಡೇಜಿಗೆ) ಬದಲಿಸಲು ನೋಡಬೇಕು. ಅದಕ್ಕೆ ಮೂರು ಷರತ್ತು: ಗಾಯಾಳು ಶಾಕ್‌ನಲ್ಲಿರಬಾರದು, ಗಾಯದ ಮೇಲೆ ಕಣ್ಣಿಟ್ಟು ಕೂರಲು ಸಾಧ್ಯವಿರಬೇಕು, ಅಂಗ ತುಂಡಾಗಿರಬಾರದು. ಗಾಯಕ್ಕೆ ಕಾಂಬ್ಯಾಟ್ ಗಾಜ್ (ರಕ್ತ ಹೆಪ್ಪುಗಟ್ಟಿಸುವ ಮದ್ದು ಲೇಪಿಸಿದ ಬಟ್ಟೆ) ತುಂಬಿ, ಮೂರು ನಿಮಿಷ ಗಟ್ಟಿಯಾಗಿ ಒತ್ತಿ, ಮೇಲೆ ಒತ್ತುಪಟ್ಟಿ ಸುತ್ತಿ. ಆಮೇಲೆ ಕಡ್ಡಿಯನ್ನು ನಿಧಾನವಾಗಿ ಹಿಂದಕ್ಕೆ ಬಿಡಿ. ರಕ್ತ ಬರಲಿಲ್ಲವೆಂದರೆ ಟೂರ್ನಿಕೆಟನ್ನು ಸಡಿಲವಾಗಿ ಅಲ್ಲೇ ಇರಗೊಡಿ, ಕಿತ್ತೊಗೆಯಬೇಡಿ. ಬಂದರೆ ತಕ್ಷಣ ಮತ್ತೆ ಬಿಗಿಯಿರಿ. ಆರು ಗಂಟೆ ದಾಟಿದ ಪಟ್ಟಿಯನ್ನು ಬಯಲಿನಲ್ಲಿ ಮುಟ್ಟಬಾರದು. ಸತ್ತ ಸ್ನಾಯುವಿನ ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ನುಗ್ಗಿದರೆ ಹೃದಯವೇ ನಿಲ್ಲಬಹುದು, ಮೂತ್ರಪಿಂಡವೂ ಕೈಕೊಡಬಹುದು. ಈ ಲೆಕ್ಕವೆಲ್ಲ ನಿಂತಿರುವುದು ಕಟ್ಟಿದ ಸಮಯದ ಮೇಲೆ. ಅಳಿಸದ ಪೆನ್ನಿನಲ್ಲಿ ಪಟ್ಟಿಯ ಮೇಲೂ ಗಾಯಾಳುವಿನ ಕಾರ್ಡಿನಲ್ಲೂ ಬರೆಯಿರಿ. ‘ಸುಮಾರು ಅರ್ಧ ಗಂಟೆ ಆಯ್ತು’ ಎಂದರೆ ಮುಂದಿನವನಿಗೆ ಪ್ರಯೋಜನವಿಲ್ಲ.

ತೊಡೆಸಂದು, ಕಂಕುಳಲ್ಲಿ ಪಟ್ಟಿ ಕೂರುವುದಿಲ್ಲ. ಅಲ್ಲಿ ಅದೇ ಗಾಜ್ ಬಟ್ಟೆಯನ್ನು ಬೆರಳಿನಿಂದ ರಕ್ತ ಚಿಮ್ಮುವ ತಳದವರೆಗೆ ತುರುಕಬೇಕು, ಅದು ಚರ್ಮದ ಮಟ್ಟಕ್ಕಿಂತ ಮೇಲೆ ಉಬ್ಬುವಷ್ಟು. ಒತ್ತಿ ಹಿಡಿಯುವ ಮೂರು ನಿಮಿಷದ ನಡುವೆ ಎತ್ತಿ ಇಣುಕಿದರೆ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ. ಎದೆ, ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಹೊರಗಿನಿಂದ ಒತ್ತುವುದು ಉಪಯೋಗವಿಲ್ಲ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 2 ಗ್ರಾಂ, ಗಾಯವಾದ ಮೂರು ಗಂಟೆಯೊಳಗೆ ಸಿರೆಗೆ ಕೊಟ್ಟು ಸರ್ಜನ್ ಬಳಿಗೆ ಓಡಿಸಬೇಕು. ಇರಾಕಿನ ಬಿಸಿಲಿನಲ್ಲೂ ಕಂಬಳಿ ಬೇಕೇ ಬೇಕು. ರಕ್ತ ಕಳೆದುಕೊಂಡ ಮೈ ತಣ್ಣಗಾಗುತ್ತದೆ, ತಣ್ಣನೆಯ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಕಂಬಳಿ ಮೈಮೇಲಷ್ಟೇ ಅಲ್ಲ, ಬೆನ್ನಡಿಗೂ ಇರಲಿ.

ಸಾಮಾನಿನ ಬಗ್ಗೆ ಒಂದು ಮಾತು. ತರಬೇತಿಗೆ ಬಳಸಿದ ಟೂರ್ನಿಕೆಟ್ ಮತ್ತೆ ಕಿಟ್‌ಗೆ ಹೋಗಕೂಡದು. ಕಡ್ಡಿ ದಣಿದಿರುತ್ತದೆ, ವೆಲ್ಕ್ರೋ ಸವೆದಿರುತ್ತದೆ. ಹೊಸದನ್ನು ಪ್ಲಾಸ್ಟಿಕ್ ಹೊದಿಕೆಯಿಂದ ತೆಗೆದು, ಯಾವ ಕೈ ಮುರಿದರೂ ಇನ್ನೊಂದು ಕೈಗೆ ಸಿಗುವ ಜಾಗದಲ್ಲಿಡಿ. ತಿಂಗಳುಗಟ್ಟಲೆ ಜಾಕೆಟ್ಟಿನ ಹೊರಗೆ ಬಿಸಿಲಿಗೆ ಒಡ್ಡಿಕೊಂಡದ್ದನ್ನು ನಂಬಬೇಡಿ, ಬದಲಿಸಿ.