ವೀರಗಲ್ಲು ಫೋಟೊ ಕೆಲಸ: ಅಪ್‌ಗ್ರೇಡ್ ಆದಮೇಲಿನ ಪೀಕಲಾಟ

ಶಿಕಾರಿಪುರ ಸುತ್ತಮುತ್ತಲಿನ ವೀರಗಲ್ಲುಗಳ ಫೋಟೊ ಕೆಲಸ ಈ ಸಲ ಸಾಗಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಕಾರಣ ಮಳೆ ಅಲ್ಲ, ಲ್ಯಾಪ್‌ಟಾಪ್. ಅದರ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದೆ. ಅದರ ಜೊತೆಗೇ ಫೋಟೊ ತಿದ್ದುವ ತಂತ್ರಾಂಶ ಜಿಂಪ್ 2.10 ಹೋಗಿ 3.0 ಬಂತು. ಕ್ಯಾಮೆರಾದ ರಾ ಫೈಲುಗಳನ್ನು (ಸಂಸ್ಕರಿಸದ ಮೂಲ ಫೋಟೊಗಳನ್ನು) ತಿದ್ದುವ ಡಾರ್ಕ್‌ಟೇಬಲ್ ಹೊಸದಾಯಿತು. ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಡ್ರೈವರ್ ಬದಲಾಯಿತು. ಮೂರೂ ಒಟ್ಟಿಗೆ ತಕರಾರು ತೆಗೆದವು.

ಹೊಸದಾಗಿ ಓದುವವರಿಗೆ ಕೆಲಸದ ರೀತಿ ಹೇಳಿಬಿಡುತ್ತೇನೆ. ಸವೆದ ಕೆತ್ತನೆ ನಡುಹಗಲ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಕತ್ತಲಾದ ಮೇಲೆ ಟ್ರೈಪಾಡ್ ನಿಲ್ಲಿಸಿ, ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ ಓರೆಯಾಗಿ ಹಿಡಿದು, ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಅಂತ ಶಾಟ್ ತೆಗೆಯುತ್ತೇನೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಒಂದೊಂದು ಪಟ್ಟಿಗೆ ಒಂದೊಂದು ಕಡೆಯ ಬೆಳಕು ಹೊಂದುತ್ತದೆ. ರಾ ಫೈಲುಗಳನ್ನು ಡಾರ್ಕ್‌ಟೇಬಲ್‌ನಲ್ಲಿ ತಿದ್ದಿ, ಜಿಂಪ್‌ನಲ್ಲಿ ಲೇಯರ್‌ಗಳಾಗಿ ಪೇರಿಸಿ, ‘ಲೈಟನ್ ಓನ್ಲಿ’ ಮೋಡ್ ಹಾಕುತ್ತೇನೆ, ಅದು ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿರುವುದನ್ನೇ ಉಳಿಸುತ್ತದೆ. ಎಲ್ಲವನ್ನೂ ಸುಮ್ನೆ ಸೇರಿಸಿದರೆ ನೆರಳೇ ಮಾಯವಾಗಿ ಕಲ್ಲು ಚಪ್ಪಟೆಯಾಗುತ್ತದೆ. ಹಾಗಾಗಿ ಲೇಯರ್ ಮಾಸ್ಕ್ ಹಾಕಿ, ಬೇಕಾದ ಕಡೆ ಮಾತ್ರ ಬೆಳಕು ಬಿಡಬೇಕು.

ಅಪ್‌ಗ್ರೇಡ್ ಮುಗಿಸಿ ಕೆರೆ ಏರಿಯ ಕಲ್ಲಿನ ಫೋಟೊ ತೆರೆದರೆ, ಹಸಿರು ಛಾಯೆಯ ಬಳಪದ ಕಲ್ಲು ನಸುಗೆಂಪಾಗಿ ಕೂತಿತ್ತು! ಎರಡು ವಾರದ ಹಿಂದೆ ತಿದ್ದಿಟ್ಟದ್ದು. ಇಂಥ ಹೊತ್ತಲ್ಲಿ ಕೈ ತಾನಾಗಿ, ಫೋಟೊದ ಒಟ್ಟು ಬಣ್ಣದ ಛಾಯೆ ತಿದ್ದುವ ವೈಟ್ ಬ್ಯಾಲೆನ್ಸ್ ಕಡೆ ಹೋಗುತ್ತದೆ. ಅದನ್ನು ಮುಟ್ಟಲಿಲ್ಲ. ಪ್ರತಿ ಕಲ್ಲಿನ ಮೊದಲ ಶಾಟ್‌ನಲ್ಲಿ ಗ್ರೇ ಕಾರ್ಡ್ (ಬಣ್ಣ ಹೋಲಿಸಲು ಇಡುವ ಅಚ್ಚ ಬೂದಿ ಬಣ್ಣದ ಕಾರ್ಡ್) ಇಟ್ಟಿರುತ್ತೇನೆ. ಆ ಶಾಟನ್ನು ಜೆಪೆಗ್ ಮಾಡಿ ಜಿಂಪ್‌ನಲ್ಲಿ ತೆರೆದು, ಕಲರ್ ಪಿಕರ್‌ನಿಂದ ಕಾರ್ಡಿನ ಮೇಲೆ ಒತ್ತಿದೆ. ಕೆಂಪು, ಹಸಿರು, ನೀಲಿ ಮೂರರ ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಅಂದರೆ ಫೈಲಿನಲ್ಲಿ ಕಾರ್ಡ್ ಬೂದಿ ಬಣ್ಣದ್ದೇ. ಅದೇ ಜೆಪೆಗನ್ನು ಫೋನಿಗೆ ಕಳಿಸಿ ನೋಡಿದರೆ ಅಲ್ಲೂ ಬೂದಿ. ಸುಳ್ಳು ಹೇಳುತ್ತಿದ್ದದ್ದು ಲ್ಯಾಪ್‌ಟಾಪಿನ ಪರದೆ. ಆಗ ವೈಟ್ ಬ್ಯಾಲೆನ್ಸ್ ತಿದ್ದಿದ್ದರೆ ಫೋಲ್ಡರ್‌ಗಟ್ಟಲೆ ಕಲ್ಲುಗಳು ನಿಜವಾಗಿಯೂ ಹಸಿರಾಗುತ್ತಿದ್ದವು.

ಆಗಿದ್ದಿಷ್ಟು. ಲಿನಕ್ಸ್‌ನ ಹಳೆಯ ಆವೃತ್ತಿಯಲ್ಲಿ ಡೆಸ್ಕ್‌ಟಾಪ್ ಎಕ್ಸ್11 (ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆ) ಮೇಲೆ ಓಡುತ್ತಿತ್ತು, ಹೊಸದು ಲಾಗಿನ್ ಆದ ಕೂಡಲೇ ಅದರ ಬದಲಿಗೆ ಬಂದ ವೇಲ್ಯಾಂಡ್ ಹಿಡಿಯುತ್ತದೆ. ಪರದೆಯನ್ನು ಅಳೆದು ಮಾಡಿಟ್ಟ ಐಸಿಸಿ ಪ್ರೊಫೈಲ್ (ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂಬ ವಿವರದ ಫೈಲ್) ಡಿಸ್ಕಿನಲ್ಲಿ ಭದ್ರವಾಗಿಯೇ ಇತ್ತು, ಆದರೆ ಡಾರ್ಕ್‌ಟೇಬಲ್‌ಗೆ ಅದು ಸಿಗುತ್ತಿರಲಿಲ್ಲ. ಲಾಗಿನ್ ಪರದೆಯಲ್ಲಿ ಎಕ್ಸ್11 ಆರಿಸಿ ನೋಡಿದೆ, ಬಣ್ಣ ಸರಿಯಾಯಿತು. ರೋಗ ಗೊತ್ತಾಯಿತಲ್ಲ, ಅಷ್ಟು ಸಾಕು. ಎಕ್ಸ್11ಗೇ ಅಂಟಿಕೊಂಡು ಎಷ್ಟು ದಿನ ಇರುವುದು? ವೇಲ್ಯಾಂಡ್‌ಗೇ ವಾಪಸ್ ಬಂದೆ. ಡಾರ್ಕ್‌ಟೇಬಲ್‌ನ ಕಾನ್ಫಿಗ್ ಫೋಲ್ಡರಿನಲ್ಲಿ ‘ಕಲರ್’, ಅದರೊಳಗೆ ‘ಔಟ್’ ಎಂಬ ಫೋಲ್ಡರಿಗೆ ಪ್ರೊಫೈಲ್ ಫೈಲನ್ನು ಕಾಪಿ ಮಾಡಿದೆ. ಅದರ ‘ಡಾರ್ಕ್‌ರೂಮ್’ ಎಂಬ ತಿದ್ದುವ ಪುಟದಲ್ಲಿ ಸಾಫ್ಟ್ ಪ್ರೂಫ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಸ್‌ಪ್ಲೇ ಪ್ರೊಫೈಲ್ ಪಟ್ಟಿ ಬರುತ್ತದೆ, ಅಲ್ಲಿ ಅದನ್ನೇ ಆರಿಸಿದೆ. ಕಲ್ಲು ಮತ್ತೆ ತನ್ನ ಬಣ್ಣಕ್ಕೆ ಬಂತು.

ಎರಡನೆಯ ತಕರಾರು ಎಕ್ಸ್‌ಪೋರ್ಟ್‌ನಲ್ಲಿ, ಅಂದರೆ ಡಾರ್ಕ್‌ಟೇಬಲ್‌ನಲ್ಲಿ ತಿದ್ದಿದ ಫೋಟೊವನ್ನು ಬೇರೆ ಫೈಲಾಗಿ ಹೊರತೆಗೆಯುವಾಗ. ಚಿತ್ರದ ಮಧ್ಯೆ ಅಲ್ಲಲ್ಲಿ ಕಪ್ಪು ಚೌಕಗಳು, ಅದೂ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಟರ್ಮಿನಲ್‌ನಲ್ಲಿ ಓಪನ್‌ಸಿಎಲ್ (ಲೆಕ್ಕದ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವ ವ್ಯವಸ್ಥೆ) ಬೇಡ ಅಂತ ಹೇಳಿ ಡಾರ್ಕ್‌ಟೇಬಲ್ ಶುರು ಮಾಡಿದರೆ ಚೌಕ ಮಾಯ. ಹೊಸ ಡ್ರೈವರ್‌ನದೇ ಕಿತಾಪತಿ. ಸೆಟ್ಟಿಂಗ್ಸ್‌ನಲ್ಲಿ ಓಪನ್‌ಸಿಎಲ್ ಆಫ್ ಮಾಡಿಟ್ಟಿದ್ದೇನೆ. ಈಗ ಎಲ್ಲ ಲೆಕ್ಕವೂ ಪ್ರೊಸೆಸರ್ ತಲೆಗೇ. ಡಿನಾಯ್ಸ್ (ಫೋಟೊದ ಕಾಳುಕಾಳು ಚುಕ್ಕೆ ತೆಗೆಯುವುದು) ಹಾಕಿದ ಫೋಟೊ ಎಕ್ಸ್‌ಪೋರ್ಟ್ ಆಗುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು.

ಮೂರನೆಯದು ಜಿಂಪ್. 2.10 ಬಂದದ್ದು 2018ರಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಅಷ್ಟು ವರ್ಷದ ಅಂತರ ಅಂದಮೇಲೆ ಹಳೆಯ ಸ್ಕ್ರಿಪ್ಟ್‌ಗಳು ಮುರಿಯುವುದು ಸಹಜವೇ. ಶಾಟ್‌ಗಳನ್ನು ಲೇಯರ್ ಮಾಡಿ ಮೋಡ್ ಬದಲಿಸಲು ನಾನೊಂದು ಸ್ಕ್ರಿಪ್ಟ್-ಫೂ (ಜಿಂಪ್ ತಾನಾಗಿ ಮಾಡಬೇಕಾದ ಕೆಲಸದ ಆಜ್ಞೆಗಳು) ಬರೆದುಕೊಂಡಿದ್ದೆ. ಓಡಿಸಿದರೆ ‘ಅನ್‌ಬೌಂಡ್ ವೇರಿಯಬಲ್’, ಅಂದರೆ ಈ ಹೆಸರು ನನಗೆ ಗೊತ್ತಿಲ್ಲ ಎಂಬ ದೂರು. 3.0ದಲ್ಲಿ ಒಂದೇ ಸಲ ಹಲವು ಲೇಯರ್ ಆರಿಸಬಹುದು. ಹಾಗಾಗಿ ‘ಸದ್ಯದ ಲೇಯರ್ ಯಾವುದು’ ಅಂತ ಕೇಳುವ ಹಳೆಯ ಆಜ್ಞೆಯನ್ನೇ ತೆಗೆದುಹಾಕಿದ್ದಾರೆ. ಹೊಸದು ಆರಿಸಿದ ಲೇಯರ್‌ಗಳ ಪಟ್ಟಿ ಕೊಡುತ್ತದೆ, ಅದರಿಂದ ಮೊದಲನೆಯದನ್ನು ನಾವೇ ಎತ್ತಿಕೊಳ್ಳಬೇಕು. ಆ ಸಾಲು ಬದಲಿಸಿದ ಮೇಲೆ ಸ್ಕ್ರಿಪ್ಟ್ ಮುಂದೆ ಹೋಯಿತು. ಬೇಸರವೇನಿಲ್ಲ, ಯಾಕೆಂದರೆ 3.0ದಲ್ಲಿ ಫಿಲ್ಟರ್ ಹಾಕಿದ ಮೇಲೂ ವಾಪಸ್ ಹೋಗಿ ತಿದ್ದಬಹುದು. ಅಂಚುಗಳನ್ನು ಚೂಪಾಗಿಸುವ ಶಾರ್ಪನ್ ಫಿಲ್ಟರ್ ಜಾಸ್ತಿಯಾಗಿ ಶಾಸನದ ಅಕ್ಷರಗಳ ಸುತ್ತ ಬಿಳಿ ಗೆರೆ ಬಂದಾಗೆಲ್ಲ ಮೊದಲಿನಿಂದ ಮಾಡಬೇಕಿತ್ತು, ಅದೊಂದು ತಪ್ಪಿತು.

ತಿದ್ದಿದ ಕೆಲಸ ಒಂದೂ ಹೋಗಲಿಲ್ಲ. ಡಾರ್ಕ್‌ಟೇಬಲ್ ರಾ ಫೈಲನ್ನು ಮುಟ್ಟುವುದಿಲ್ಲ, ತಿದ್ದಿದ್ದನ್ನೆಲ್ಲ ಪಕ್ಕದಲ್ಲೇ ಎಕ್ಸ್ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಆದರೆ ಕಾನ್ಫಿಗ್ ಫೋಲ್ಡರಿನಲ್ಲಿರುವ ಅದರ ಡೇಟಾಬೇಸ್ ಹೊಸ ಆವೃತ್ತಿಗೆ ಒಮ್ಮೆ ಬದಲಾದರೆ ಹಳೆಯ ಆವೃತ್ತಿ ಅದನ್ನು ತೆರೆಯುವುದಿಲ್ಲ. ವಾಪಸ್ ಹೋಗುವ ಯೋಚನೆ ಇದ್ದರೆ ಅಪ್‌ಗ್ರೇಡ್‌ಗೆ ಮೊದಲೇ ಕಾನ್ಫಿಗ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ.

ಬಾಕಿ ಇರುವುದು: ಡ್ರೈವರ್‌ನ ಮುಂದಿನ ಆವೃತ್ತಿ ಬಂದಾಗ ಓಪನ್‌ಸಿಎಲ್ ಮತ್ತೆ ಆನ್ ಮಾಡಿ ನೋಡಬೇಕು. ಕೆರೆ ಏರಿಯ ಕಲ್ಲಿನ ಕೆಳಪಟ್ಟಿ ಅರ್ಧ ಮಣ್ಣಿನಲ್ಲಿದೆ. ಗದ್ದೆಯವರನ್ನು ಕೇಳಿದ್ದೇನೆ, ಕೊಯ್ಲು ಮುಗಿಯಲಿ ಅಂದಿದ್ದಾರೆ. ಬೆಳದಿಂಗಳಿದ್ದರೆ ಟಾರ್ಚಿನ ನೆರಳು ಮಂಕಾಗುತ್ತದೆ, ಹಾಗಾಗಿ ಕೊಯ್ಲಾದ ಮೇಲಿನ ಅಮಾವಾಸ್ಯೆಗೆ ಹೋಗುವುದು.