ದಾಳ ಬಿಟ್ಟು ಗೋಪುರ ಕಟ್ಟಿದ ರಾತ್ರಿ

ಮೇ ತಿಂಗಳಲ್ಲಿ ಕಲಬುರಗಿಯ ಮನೆಯೊಂದರಲ್ಲಿ ಕೂಲರ್ ಆರಿಸುವುದು ಸಣ್ಣ ಮಾತಲ್ಲ. ಆ ಭಾನುವಾರ ರಾತ್ರಿ ನಾನೇ ಎದ್ದು ಆರಿಸಿದೆ, ಫ್ಯಾನನ್ನೂ ಆರಿಸಿದೆ. ಜಮಖಾನದ ನಡುವೆ ಒಂದು ಮಣೆ, ಅದರ ಮೇಲೆ 54 ಕಟ್ಟಿಗೆ ತುಂಡುಗಳ ಜೆಂಗಾ ಗೋಪುರ, ಬೀಳದಂತೆ ಒಂದೊಂದೇ ತುಂಡು ಎಳೆದು ಮೇಲಿಡುವ ಆಟದ್ದು. ಗಾಳಿ ತಾಕಬಾರದಿತ್ತು. ಸುತ್ತ ತಮ್ಮ, ವೈನಿ, ಕಾಕಾನ ಮಗಳು, ತಮ್ಮನ ಗೆಳೆಯ. ಎಲ್ಲರ ಕುತ್ತಿಗೆಯಲ್ಲೂ ಬೆವರು ಇಳಿಯುತ್ತಿತ್ತು, ಆದರೂ ಯಾರೂ ಗೊಣಗಲಿಲ್ಲ.

ನಾವು ಆಡುವುದು ಕಥೆಯಾಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಕೆಲಸ ಸಾಧ್ಯವಾಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಡಿ ಅಂಡ್ ಡಿ) ಹೊರಬಂದಾಗಿನಿಂದ ಇಂಥ ಆಟಗಳು ನೂರಾರು ಬಂದಿವೆ, ಒಂದೊಂದಕ್ಕೆ ಒಂದೊಂದು ನಿಯಮ. ಕಥೆ ನಡೆಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಈ ಬೇಸಿಗೆಗೆ ನಾನು ಬರೆದುಕೊಂಡಿದ್ದ ಕಥೆ ಇಷ್ಟು: ಸಂಜೆ ಹೊತ್ತು ಎಂಟು ಮಂದಿ ಬೀದರ್ ಕೋಟೆಯ ಶರ್ಝಾ ದರವಾಜೆಯಿಂದ ಒಳಗೆ ಹೋಗುತ್ತಾರೆ. ಬೆಳಕು ಹರಿದಾಗ ಅದೇ ಬಾಗಿಲಿಂದ ಒಬ್ಬರು ಮಾತ್ರ ಜೀವಂತ ಹೊರಗೆ ಬರಬೇಕು. ಕಥೆ ನನ್ನದೇ ಕಲ್ಪನೆ, ಕೋಟೆ ಮಾತ್ರ ಖರೇ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಒಮ್ಮೆ ನೋಡಿದವರಿಗೆ ಅಲ್ಲಿ ಓಡಿ ತಪ್ಪಿಸಿಕೊಳ್ಳುವುದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಥೆಗಿಂತ ನಿಯಮ ಆರಿಸುವುದೇ ಕಷ್ಟವಾಯಿತು. ಮೊದಲು ಎಲ್ಲರಿಗೂ ಗೊತ್ತಿದ್ದ ಡಿ ಅಂಡ್ ಡಿಯ 2014ರ ಆವೃತ್ತಿ ಹಿಡಿದೆವು. ಅದರಲ್ಲಿ ಪಾತ್ರದ ಜೀವಬಲ ಸೊನ್ನೆಗೆ ಇಳಿದರೂ ಸಾವಿಲ್ಲ. ಇಪ್ಪತ್ತು ಮುಖದ ದಾಳ ಎಸೆಯಬೇಕು, 10 ಅಥವಾ ಮೇಲೆ ಬಂದರೆ ಒಂದು ಗೆಲುವು, ಕಡಿಮೆ ಬಂದರೆ ಒಂದು ಸೋಲು, ಯಾವುದು ಮೊದಲು ಮೂರಾಗುತ್ತದೋ ಅದು ಖಾಯಂ. ಲೆಕ್ಕ ಹಾಕಿದೆ: ಯಾರೂ ಕೈ ಹಚ್ಚದಿದ್ದರೂ 100ರಲ್ಲಿ ಸುಮಾರು 60 ಸಲ ಬಿದ್ದವನು ಉಳಿಯುತ್ತಾನೆ. ಮೇಲಾಗಿ ಗುಣಪಡಿಸುವ ಮಂತ್ರಗಳು ಬೇರೆ. ಸಾಹಸದ ಕಥೆಗೆ ಅದು ಸರಿಯಾದ ನಿಯಮ, ಸಾವಿನ ಪಂದ್ಯಕ್ಕಲ್ಲ. ಆ ರಾತ್ರಿ ಮೂರು ತಾಸು ಆಡಿದರೂ ಎಂಟೂ ಮಂದಿ ಹಾಗೇ ಇದ್ದರು.

ಮುಂದಿನ ವಾರ ಗರ್ಪ್ಸ್ ಹಿಡಿದೆವು. 1986ರದ್ದು, ಪೆಟ್ಟು ಎಲ್ಲಿ ಬಿತ್ತು, ಎಷ್ಟು ಆಳ ಅಂತ ಲೆಕ್ಕ ಇಡುವ ಆಟ. ಇಪ್ಪತ್ತು ನಿಮಿಷಕ್ಕೆ ತಮ್ಮನ ಪಾತ್ರ ಸತ್ತಿತು. “ದಾಳ ಕೈ ಕೊಡ್ತು” ಅಂದ, ಗೋಡೆಗೆ ಒರಗಿದ, ಹನ್ನೊಂದರ ತನಕ ಮೊಬೈಲ್ ನೋಡುತ್ತ ಕೂತ. ಅದು ನನಗೆ ಬಹಳ ಚುಚ್ಚಿತು. ವಾರವಿಡೀ ಕೆಲಸ ಮಾಡಿ ಭಾನುವಾರಕ್ಕಾಗಿ ಕಾಯುವ ಹುಡುಗನನ್ನು ಅರ್ಧ ತಾಸಿನೊಳಗೆ ಆಟದಿಂದ ಹೊರಗೆ ಕೂರಿಸಿದ್ದೆ.

ಆಮೇಲೆ ದಿನಾ ರಾತ್ರಿ ಓದಿದ್ದೇ ಓದಿದ್ದು. ಸ್ಯಾವೇಜ್ ವರ್ಲ್ಡ್ಸ್ ಮೇಲೆ ಮನಸ್ಸು ಹೋಯಿತು. ಅದು ಚುರುಕಿನ ಆಟ, ದಾಳದ ಅತಿ ದೊಡ್ಡ ಅಂಕಿ ಬಿದ್ದರೆ ಮತ್ತೆ ಎಸೆದು ಕೂಡಿಸುತ್ತ ಹೋಗಬಹುದು. ಮೂರು ಗಾಯ ತಡೆದುಕೊಳ್ಳಬಹುದು, ನಾಲ್ಕನೆಯದಕ್ಕೆ ಕುಸಿತ. ಆದರೆ ತಮ್ಮ ಅಂದ ಮಾತು ತಲೆಯಿಂದ ಹೋಗಲೊಲ್ಲದು. ದಾಳ ಕೈ ಕೊಟ್ಟರೆ ಸತ್ತವನಿಗೂ ಕೊಂದವನಿಗೂ ಹೊಣೆ ಇಲ್ಲ. ಇನ್ನೊಬ್ಬನನ್ನು ಹಿಂದೆ ಬಿಟ್ಟು ಓಡುವ ಕ್ಷಣದಲ್ಲಿ ಬೆರಳು ನಡುಗಬೇಕು, ಆ ನಡುಕ ಅವನದೇ ಆಗಿರಬೇಕು. ನನಗೆ ಬೇಕಿದ್ದದ್ದು ಅದು.

ಹಾಗೆ ಹುಡುಕುತ್ತ ‘ಡ್ರೆಡ್’ ಸಿಕ್ಕಿತು. ಅದರಲ್ಲಿ ದಾಳವೇ ಇಲ್ಲ. ಕಠಿಣ ಕೆಲಸಕ್ಕೆ ಗೋಪುರದಿಂದ ಒಂದು ತುಂಡು ತೆಗೆದು ಮೇಲಿಡಬೇಕು. ಇಟ್ಟರೆ ಗೆದ್ದಿರಿ. ಬೀಳಿಸಿದರೆ ಆ ಪಾತ್ರ ಮುಗಿಯಿತು. ತೆಗೆಯಲ್ಲ ಅನ್ನುವ ಹಕ್ಕೂ ಉಂಟು: ಆಗ ಕೆಲಸ ಕೆಡುತ್ತದೆ, ಜೀವ ಉಳಿಯುತ್ತದೆ. ಪಾತ್ರ ಕಟ್ಟುವುದೂ ಅಂಕಿಗಳಿಂದಲ್ಲ, ಪ್ರಶ್ನೆಗಳಿಂದ. ವೈನಿಗೆ ನಾನು ಬರೆದುಕೊಟ್ಟ ಒಂದು ಪ್ರಶ್ನೆ: “ತಂಗಿಗೆ ಏನು ಸುಳ್ಳು ಹೇಳಿ ಈ ಪಂದ್ಯಕ್ಕ ಬಂದೀರಿ?” ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತು ಬರೆದರು: “ಬೀಗರ ಊರಿಗಿ ಹೋಗಿ ಬರ್ತೀನಿ ಅಂತ.”

ನಮ್ಮದೊಂದು ನಿಯಮ ಸೇರಿಸಿದೆ. ಸತ್ತವರು ಎದ್ದು ಹೋಗುವ ಹಾಗಿಲ್ಲ, ಅವರು ಕೋಟೆಯಾಗುತ್ತಾರೆ. ಎಲ್ಲಿ ಸತ್ತರೋ ಆ ಜಾಗದ ದನಿ ಅವರದು.

ಹತ್ತು ಗಂಟೆ ಸುಮಾರಿಗೆ ನಾನು ನಡೆಸುತ್ತಿದ್ದ ನಾಲ್ಕು ಪಾತ್ರಗಳೂ ಮುಗಿದಿದ್ದವು. ಕಾಕಾನ ಮಗಳು ರಂಗೀನ್ ಮಹಲಿನ ಒಳಗೆ ಬಿದ್ದಿದ್ದಳು, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಹೊಳಪಾಗಿ ಯಾರು ಎಲ್ಲಿ ಅಡಗಿದ್ದಾರೆ ಅಂತ ತೋರಿಸಿಕೊಡುತ್ತಿದ್ದಳು. ವೈನಿ ಮೂರನೆಯ ಕಂದಕದಲ್ಲಿ ಹಗ್ಗಕ್ಕೆ ಜೋತುಬಿದ್ದಿದ್ದರು. ಗೋಪುರ ಕೆಳಗಡೆ ಬಲ ಮಗ್ಗುಲಿಗೆ ಜಾಲರಿಯಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ತೋರುಬೆರಳಿನ ಉಗುರಿನಿಂದ ಒಂದು ತುಂಡಿನ ತುದಿ ತಟ್ಟಿದರು. ಗಟ್ಟಿ. ಪಕ್ಕದ್ದು ತಟ್ಟಿದರು, ಸ್ವಲ್ಪ ಜರುಗಿತು. ಎಳೆ ಎಳೆಯಾಗಿ ಹೊರಗೆ ತಂದರು, ಮುಕ್ಕಾಲು ಬಂತು. ಹಸಿರು ಬಳೆ ಒಂದು ಇನ್ನೊಂದಕ್ಕೆ ತಾಕಿ ಸಣ್ಣಗೆ ಕಿಣ್ ಅಂದಿತು. ಆಮೇಲೆ ಇಡೀ ಗೋಪುರ ಜಮಖಾನದ ಮೇಲೆ.

ಯಾರೂ ಮಾತಾಡಲಿಲ್ಲ. ತುಂಡುಗಳನ್ನು ಆರಿಸುತ್ತಿದ್ದ ತಮ್ಮ ಮೆಲ್ಲಗೆ ಕೇಳಿದ, “ವೈನಿ, ನಿಮ್ಮ ತಂಗಿಗಿ ಈಗ ಯಾರು ಹೇಳ್ತಾರ?” ವೈನಿ ಅವನ ಮುಖವನ್ನೇ ನೋಡುತ್ತ ಅಂದರು, “ನಾ ಈಗ ಕಂದಕದ ನೀರು ಇದ್ದೀನಿ. ನಿನ್ನ ಕಾಲು ಎಷ್ಟು ಹೊತ್ತಿನ್ಯಾಗ ಜಾರ್ತದ ನೋಡ್ಲತ್ತೀನಿ.” ನನಗೆ ಮೈ ಜುಮ್ಮೆಂದಿತು. ಎರಡು ವಾರದಿಂದ ನಾನು ಹುಡುಕುತ್ತಿದ್ದ ಆಟ ಅಲ್ಲಿ ಶುರುವಾಯಿತು.

ಮತ್ತೆ ಕಟ್ಟಿದ ಗೋಪುರ ಕೊನೆಯ ತನಕ ಬೀಳಲಿಲ್ಲ. ಶರ್ಝಾ ದರವಾಜೆಯ ಒಳಮಗ್ಗುಲಿಗೆ ತಮ್ಮ ಮತ್ತು ಅವನ ಗೆಳೆಯ ಬಂದು ನಿಂತಾಗ ಹನ್ನೊಂದೂವರೆ. ಹೊರಗೆ ಹೋಗಬೇಕಾದರೆ ಒಬ್ಬ ಇನ್ನೊಬ್ಬನನ್ನು ತಳ್ಳಬೇಕು, ತಳ್ಳಬೇಕಾದರೆ ಒಂದು ತುಂಡು ತೆಗೆಯಬೇಕು. ಅಷ್ಟು ಹೊತ್ತಿಗೆ ಗೋಪುರ ನೋಡಿದರೆ ಉಸಿರಿಗೂ ಬೀಳುವಂತಿತ್ತು.

“ನೀ ತೆಗೀತೀಯೇನಲೇ?” ಅಂದ ತಮ್ಮ.

“ನೀ?”

ತಮ್ಮ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. “ನಾ ತೆಗ್ಯಂಗಿಲ್ಲ ಅಕ್ಕಾ.”

ಗೆಳೆಯನೂ ಕೈ ಹಿಂದಕ್ಕೆ ಕಟ್ಟಿಕೊಂಡ. ತೆಗೆಯದವರು ಸೋತಂತೆ ಅಂತ ನಿಯಮ, ಇಬ್ಬರೂ ತೆಗೆಯಲಿಲ್ಲ. ಅದಕ್ಕೆ ನನ್ನ ಹಾಳೆಯಲ್ಲಿ ಉತ್ತರ ಬರೆದಿರಲಿಲ್ಲ. ಒಂದಿಷ್ಟು ಹೊತ್ತು ಗೋಪುರ ನೋಡಿದೆ, ಅವರಿಬ್ಬರನ್ನು ನೋಡಿದೆ. “ಬೆಳಕು ಹರೀತು” ಅಂದೆ. “ದರವಾಜೆ ಮುಚ್ಚಿತು. ನೀವಿಬ್ಬರೂ ಒಳಗೇ ಉಳಿದ್ರಿ.” ಕಂದಕದ ನೀರಾಗಿದ್ದ ವೈನಿ, “ಬರ್ರಿ, ಇಲ್ಲೇ ಕೂಡ್ರಿ” ಅಂದರು.

ಗೋಪುರ ಕೆಡವಲು ಯಾರಿಗೂ ಮನಸ್ಸಾಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಮನೆಯೆಲ್ಲ ಕಸ ಹೊಡೆದು, ಜಮಖಾನದ ಅಂಚಿಗೆ ಬಂದು ನಿಲ್ಲಿಸಿದ್ದಳು. ಫ್ಯಾನನ್ನೂ ಹಚ್ಚಿರಲಿಲ್ಲ.