"ಮೆಟೀರಿಯಲ್ ಸರಿ ಇರಲಿಲ್ವಾ ಸಾರ್?"

ಮುರಿದ ಶಾಫ್ಟ್, ಸೀಳಿದ ಪೈಪ್, ತಲೆ ಹಾರಿದ ಬೋಲ್ಟ್, ಏನೇ ತಂದು, ಲೋಹದ ಭಾಗ ಯಾಕೆ ಮುರಿಯಿತು ಎಂದು ಪತ್ತೆ ಹಚ್ಚುವ ನಮ್ಮ ಲ್ಯಾಬಿನ ಮೇಜಿನ ಮೇಲಿಟ್ಟರೂ ಅದರ ಬೆನ್ನಿಗೇ ಬರುವ ಪ್ರಶ್ನೆ ಒಂದೇ: "ಮೆಟೀರಿಯಲ್ ಸರಿ ಇರಲಿಲ್ವಾ ಸಾರ್?" ಕೇಳುವವರು ಪೀಣ್ಯದ ಮೇಂಟೆನೆನ್ಸ್ ಇಂಜಿನಿಯರ್ ಆಗಿರಬಹುದು, ಇನ್ಶೂರೆನ್ಸ್ ಸರ್ವೇಯರ್ ಆಗಿರಬಹುದು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತ ನೆಂಟರೂ ಆಗಿರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋದಾಗಲಂತೂ ಫೋನ್ ಮೇಲೆ ಫೋನ್. "ಆಗಿನ ಕಾಲದ ಕಬ್ಬಿಣ ಗಟ್ಟಿ ಅಂತಾರೆ, ಮತ್ತೆ ಹೇಗೆ ಕಡೀತು?" ಎಂದು ಎಲ್ಲರದೂ ಒಂದೇ ಮಾತು. ಕಡಿದ ಕೊಂಡಿಯ ಮುಖವನ್ನು ಕೈಯಲ್ಲಿ ಹಿಡಿದು ನೋಡದೆ ಟಿವಿ ಚಿತ್ರ ನೋಡಿ ಉತ್ತರ ಹೇಳುವುದು ಜ್ಯೋತಿಷ್ಯವಾಗುತ್ತದೆ ಎಂದು ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ಮಾತ್ರ ನಿಂತಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚಿಕ್ಕ ಉತ್ತರ ಇಷ್ಟು: ನನ್ನ ಮೇಜಿಗೆ ಬರುವ ಮುರಿದ ಭಾಗಗಳಲ್ಲಿ ಹೆಚ್ಚಿನವುಗಳ ಮೆಟೀರಿಯಲ್ ಸರಿಯಾಗಿಯೇ ಇರುತ್ತದೆ. ಅದನ್ನು ಹೇಗೆ ಕೊರೆದರು, ಯಾರು ರಿಪೇರಿ ಮಾಡಿದರು, ಎಂಥ ಜಾಗದಲ್ಲಿ ಇಟ್ಟರು ಅನ್ನುವಲ್ಲಿ ಕಾರಣ ಸಿಗುತ್ತದೆ. ಈ ಉತ್ತರ ಯಾರಿಗೂ ರುಚಿಸುವುದಿಲ್ಲ. ಮೆಟೀರಿಯಲ್ ಕೆಟ್ಟದ್ದು ಎಂದು ರಿಪೋರ್ಟ್ ಬಂದರೆ ಸಪ್ಲೈಯರ್‌ಗೆ ಡೆಬಿಟ್ ನೋಟ್ ಕಳಿಸಿ ಕೈ ತೊಳೆದುಕೊಳ್ಳಬಹುದು. ಮೀಟಿಂಗಿನಲ್ಲಿ ಕೂತವರಲ್ಲಿ ಯಾರ ಮೇಲೂ ತಪ್ಪು ಬರುವುದಿಲ್ಲ, ಏಕೆಂದರೆ ಸಪ್ಲೈಯರ್ ಆ ಮೀಟಿಂಗಿನಲ್ಲಿ ಇರುವುದಿಲ್ಲ. "ಸ್ಪೆಕ್ಟ್ರೋ ಮಾತ್ರ ಮಾಡಿಕೊಡಿ ಸಾಕು" ಎಂದು ಕೇಳಿಕೊಂಡು ಬರುವವರ ಲೆಕ್ಕಾಚಾರವೂ ಸಾಮಾನ್ಯವಾಗಿ ಇದೇ.

ಸ್ಪೆಕ್ಟ್ರೋ ಎಂದರೆ ಲೋಹದ ಮೇಲೆ ಕಿಡಿ ಹಾರಿಸಿ, ಆ ಬೆಳಕಿನಿಂದ ಕಾರ್ಬನ್ ಎಷ್ಟು, ಕ್ರೋಮಿಯಂ ಎಷ್ಟು ಎಂದು ಹೇಳುವ ಯಂತ್ರ. ನಿಮಿಷದೊಳಗೆ ಫಲಿತಾಂಶ ಬರುತ್ತದೆ, ದರವೂ ಕಡಿಮೆ. ನೀವು ಇಎನ್19 ಎಂಬ ದರ್ಜೆಯ ಉಕ್ಕು ಎಂದು ದುಡ್ಡು ಕೊಟ್ಟದ್ದಕ್ಕೆ ಇಎನ್19 ಬಂದಿದೆಯೋ ಇಲ್ಲವೋ ಎನ್ನುವುದನ್ನು ಅದು ಖಚಿತವಾಗಿ ಹೇಳುತ್ತದೆ. ಅದೇ ಉಕ್ಕನ್ನು ಸರಿಯಾಗಿ ಹದ ಮಾಡಿದ್ದಾರೆಯೇ, ಮೈಮೇಲೆ ಗೀರು ಬಿದ್ದಿತ್ತೇ, ಮೂಲೆ ಚೂಪಾಗಿತ್ತೇ ಎನ್ನುವುದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಆದ್ದರಿಂದ ನಾನು ಮೊದಲು ಹೋಗುವುದು ಸ್ಪೆಕ್ಟ್ರೋ ಹತ್ತಿರ ಅಲ್ಲ, ಮುರಿದ ಮುಖದ ಹತ್ತಿರ. ಒಂದು ಟಾರ್ಚ್, ಒಂದು ಭೂತಗನ್ನಡಿ, ಆಮೇಲೆ ಸ್ಟೀರಿಯೋ ಮೈಕ್ರೋಸ್ಕೋಪ್. ಅರ್ಧ ಕೇಸು ಇಷ್ಟರಲ್ಲೇ ಬಿಚ್ಚಿಕೊಳ್ಳುತ್ತದೆ.

ಒಂದು ಸಕ್ಕರೆ ಕಾರ್ಖಾನೆಯ ಗೇರ್‌ಬಾಕ್ಸ್ ಶಾಫ್ಟ್ ಹೇಳುತ್ತೇನೆ. ಕಬ್ಬು ಅರೆಯುವ ಸೀಸನ್ ನಡುವೆ ಮುರಿದಿತ್ತು. ಲೋಡು ಕಬ್ಬು ಹೊರಗೆ ಒಣಗುತ್ತಿದ್ದರೆ ಕಾರ್ಖಾನೆಯವರ ಮನಸ್ಥಿತಿ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. "ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ, ಬರೆದುಕೊಡಿ" ಎಂದೇ ಬಂದರು. ಶಾಫ್ಟ್ ಬೇರಿಂಗ್ ಕೂರುವ ಜಾಗದಲ್ಲಿ ಅಡ್ಡಕ್ಕೆ, ಗರಗಸದಲ್ಲಿ ಕುಯ್ದಷ್ಟು ಸಪಾಟಾಗಿ ಮುರಿದಿತ್ತು. ಹೊಳೆ ಇಳಿಯುತ್ತ ಹೋದ ಹಾಗೆ ದಡದ ಮರಳಿನ ಮೇಲೆ ಒಂದರ ಹಿಂದೆ ಒಂದು ಗೆರೆ ಉಳಿಯುತ್ತದಲ್ಲ, ಹಾಗೆ ಆ ಮುಖದ ತುಂಬ ಬಾಗಿದ ಗೆರೆಗಳು. ಲೋಹ ಒಂದೇ ಏಟಿಗೆ ಮುರಿದರೆ ಈ ಗೆರೆ ಬರುವುದಿಲ್ಲ. ಬಿರುಕು ಸ್ವಲ್ಪ ಮುಂದೆ ಹೋಗಿ, ಯಂತ್ರ ನಿಂತಾಗ ನಿಂತು, ಮತ್ತೆ ಓಡಿದಾಗ ಮತ್ತೆ ಮುಂದೆ ಹೋದದ್ದರ ಗುರುತು ಅದು. ಇದಕ್ಕೇ ಫೆಟೀಗ್ ಎನ್ನುವುದು. ಒಂದು ಅಂಚಿನಲ್ಲಿ ಕೊನೆಗೆ ತಡೆಯಲಾರದೆ ಪಟ್ಟನೆ ಹರಿದ ಒರಟು ಜಾಗ ಇತ್ತು, ಇಡೀ ಮುಖದ ಕಾಲುಭಾಗವೂ ಇಲ್ಲ. ಅಂದರೆ ಮುಕ್ಕಾಲು ಪಾಲು ಸೀಳಿದ ಮೇಲೂ ಆ ಶಾಫ್ಟ್ ಲೋಡ್ ಹೊತ್ತು ತಿರುಗುತ್ತಲೇ ಇತ್ತು. ಓವರ್‌ಲೋಡ್ ಆಗಿ ಮುರಿಯಿತು ಎನ್ನುವ ವಾದ ಅಲ್ಲಿಗೇ ಬಿತ್ತು.

ಗೆರೆಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಎಲ್ಲವೂ ಬೇರಿಂಗ್ ಸೀಟಿನ ಮೈಮೇಲಿನ ಒಂದು ಜಾಗಕ್ಕೆ ಸೇರುತ್ತಿದ್ದವು. ಆ ಜಾಗ ಕತ್ತರಿಸಿ, ಪಾಲಿಶ್ ಮಾಡಿ, ಆಲ್ಕೋಹಾಲಿಗೆ ಒಂದಿಷ್ಟು ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣ ಸವರಿದೆವು. ಕೆಲವೇ ಸೆಕೆಂಡಿನಲ್ಲಿ ಕನ್ನಡಿಯಂತಿದ್ದ ಮೇಲ್ಮೈ ಮಸುಕಾಗಿ, ಅಂಚಿನಲ್ಲಿ ಬೇರೆಯೇ ಬಣ್ಣದ ಒಂದು ಪಟ್ಟಿ ಎದ್ದು ಬಂತು: ವೆಲ್ಡಿಂಗ್. ಸೀಟು ಸವೆದಿದ್ದಕ್ಕೆ ಯಾರೋ ಅದರ ಮೇಲೆ ವೆಲ್ಡಿಂಗ್ ಹೊಡೆದು, ಲೇತಿನಲ್ಲಿ ಟರ್ನ್ ಮಾಡಿ, ಹೊಸದರ ಹಾಗೆ ಫಳಫಳ ಮಾಡಿ ಕೂರಿಸಿದ್ದರು. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಶಾಫ್ಟಿನ ಒಡಲಲ್ಲಿ ಹಾರ್ಡ್‌ನೆಸ್ 28 ಎಚ್‌ಆರ್‌ಸಿ (ಗಡಸುತನ ಅಳೆಯುವ ರಾಕ್‌ವೆಲ್ ಮಾಪಕ), ಇರಬೇಕಾದಷ್ಟೇ. ವೆಲ್ಡಿಂಗಿನ ಕೆಳಗಿನ ತೆಳು ಪದರದಲ್ಲಿ 50 ದಾಟಿತ್ತು.

ಇಎನ್19 ಉಕ್ಕಿನಲ್ಲಿ ಕಾರ್ಬನ್ ಸುಮಾರು 0.4 ಶೇಕಡ, ಜೊತೆಗೆ ಕ್ರೋಮಿಯಂ, ಮಾಲಿಬ್ಡಿನಂ. ಕಾಯಿಸಿ ಬೇಗ ತಣಿಸಿದರೆ ಗಡುಸಾಗಲಿ ಎಂದೇ ಮಾಡಿದ ಉಕ್ಕು ಅದು. ಮೊದಲೇ ಬಿಸಿ ಮಾಡಿಕೊಳ್ಳದೆ ತಣ್ಣನೆಯ ದಪ್ಪ ಶಾಫ್ಟಿನ ಮೇಲೆ ವೆಲ್ಡಿಂಗ್ ಹೊಡೆದರೆ, ಆ ಬಿಸಿಯನ್ನು ಶಾಫ್ಟಿನ ಒಡಲು ಕ್ಷಣದಲ್ಲಿ ಹೀರಿಕೊಂಡುಬಿಡುತ್ತದೆ. ವೆಲ್ಡಿಂಗಿನ ಅಡಿಯ ಪದರ ಮಾರ್ಟೆನ್‌ಸೈಟ್ ಎಂಬ ಉಕ್ಕಿನ ಅತಿ ಗಡುಸು ರೂಪಕ್ಕೆ ತಿರುಗಿ, ಗಾಜಿನ ಸ್ವಭಾವ ಪಡೆದು, ಅಲ್ಲೇ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಮುಂದಿನದು ಬರೀ ಲೆಕ್ಕ. ನಿಮಿಷಕ್ಕೆ 100 ಸುತ್ತು ತಿರುಗುವ ಶಾಫ್ಟ್ ದಿನಕ್ಕೆ 1,44,000 ಸಲ ಬಾಗಿ ನೆಟ್ಟಗಾಗುತ್ತದೆ, ವಾರಕ್ಕೆ ಹತ್ತು ಲಕ್ಷ ದಾಟುತ್ತದೆ. ಸ್ಪೆಕ್ಟ್ರೋ ರಿಪೋರ್ಟ್ ನೋಡಿದರೆ ಎಲ್ಲ ಧಾತುವೂ ಅಳತೆಯೊಳಗೆ. ಮೆಟೀರಿಯಲ್ ಇಷ್ಟು ಒಳ್ಳೆಯದಾಗಿದ್ದಕ್ಕೇ ಆ ರಿಪೇರಿಯನ್ನು ಅದು ತಡೆದುಕೊಳ್ಳಲಿಲ್ಲ. ಕಡಿಮೆ ಕಾರ್ಬನ್ನಿನ ಸಾದಾ ಮೈಲ್ಡ್ ಸ್ಟೀಲ್ ಆಗಿದ್ದರೆ ಇಷ್ಟು ಗಡುಸಾಗುತ್ತಿರಲಿಲ್ಲ. ವೆಲ್ಡಿಂಗ್ ಯಾರು ಮಾಡಿಸಿದರು ಎಂದು ಕೇಳಿದರೆ, "ನಮ್ಮಲ್ಲಿ ಯಾರೂ ಅದನ್ನ ಮುಟ್ಟೇ ಇಲ್ಲ" ಎಂದರು. ಯಾವಾಗಲೂ ಹೀಗೇ ಹೇಳುತ್ತಾರೆ.

ಇನ್ನೊಂದು ಮಾತು ಹಳೇ ಫೋರ್‌ಮನ್‌ಗಳ ಬಾಯಲ್ಲಿ ಈಗಲೂ ಕೇಳುತ್ತದೆ: "ನೋಡಿ ಸಾರ್, ಒಳಗೆ ಕಾಳುಕಾಳಾಗಿದೆ. ಓಡಿ ಓಡಿ ಕಬ್ಬಿಣ ಕ್ರಿಸ್ಟಲ್ ಆಗಿಬಿಟ್ಟಿದೆ." ಇದಕ್ಕೆ ನೂರೆಂಬತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸ ಇದೆ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಇಂಜಿನ್ನಿನ ಅಚ್ಚು (ಆಕ್ಸಲ್) ಮುರಿದು, ಬೋಗಿಗಳಿಗೆ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣ ಅದುರಿ ಅದುರಿ ತನ್ನ ನಾರು ಕಳೆದುಕೊಂಡು ಹರಳಾಗುತ್ತದೆ ಎಂದು ಆಗಿನ ಎಷ್ಟೋ ಇಂಜಿನಿಯರುಗಳು ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡಿನ ಇಂಜಿನಿಯರ್ ವಿಲಿಯಂ ರಾಂಕಿನ್, ಮುರಿದ ಅಚ್ಚುಗಳನ್ನು ನೋಡಿ ಬೇರೆ ಮಾತು ಹೇಳಿದರು: ದಪ್ಪ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ನಿಧಾನವಾಗಿ ಒಳಗೆ ಹೋಗಿದೆ, ಆ ಮೂಲೆಯನ್ನು ದುಂಡಗೆ ಮಾಡಿ. ಲೋಹ ಮೊದಲಿನಿಂದಲೂ ಹರಳೇ. ಕೊನೆಗೆ ಒಮ್ಮೆಲೇ ಒಡೆಯುವ ಭಾಗದಲ್ಲಿ ಆ ಹರಳು ಕಣ್ಣಿಗೆ ಕಾಣುತ್ತದೆ, ಅಷ್ಟೇ. ರಾಂಕಿನ್ ಹೇಳಿದ ಚೂಪು ಮೂಲೆ ಇವತ್ತಿಗೂ ನನ್ನ ಹೊಟ್ಟೆ ಹೊರೆಯುತ್ತಿದೆ. ಡ್ರಾಯಿಂಗಿನಲ್ಲಿ ಆ ಮೂಲೆ ದುಂಡಗಿರಲಿ ಎಂದು 3 ಎಂಎಂ ರೇಡಿಯಸ್ ಬರೆದಿರುತ್ತದೆ. ಬೇರಿಂಗ್ ಒತ್ತಿ ಕೂರಲಿ ಎಂದು ಟರ್ನರ್ ಚೂಪು ಟೂಲ್ ಇಟ್ಟು ಅದನ್ನು ಬಳಿದು ತೆಗೆದಿರುತ್ತಾನೆ.

ಚೂಪು ಮೂಲೆಯೂ ಇಲ್ಲ, ವೆಲ್ಡಿಂಗೂ ಇಲ್ಲ, ಯಂತ್ರ ಓಡಿಯೂ ಇಲ್ಲ, ಆದರೂ ಲೋಹ ಸೀಳುವುದುಂಟು. ನನಗೆ ತುಂಬ ಇಷ್ಟವಾದ ಉದಾಹರಣೆ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲ ಮುಗಿಸಿ ಹೊರತೆಗೆಯುವಷ್ಟರಲ್ಲಿ ತಮ್ಮಷ್ಟಕ್ಕೆ ಬಿರುಕು ಬಿಟ್ಟಿರುತ್ತಿದ್ದವು. 70 ಪಾಲು ತಾಮ್ರ, 30 ಪಾಲು ಸತು, ಹಿತ್ತಾಳೆಯಲ್ಲಿ ಯಾವ ಖೋಟವೂ ಇಲ್ಲ. ಮಳೆ ಕಾಲಕ್ಕೆ ಬರುವ ರೋಗ ಎಂದು ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ಬಿತ್ತು. ಕಾರಣ ಪೂರ್ತಿ ಬಿಡಿಸಿದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು. ತೋಟಾಗಳನ್ನು ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ. ಕುದುರೆಯ ಮೂತ್ರ, ಲದ್ದಿಯಿಂದ ಏಳುವ ಅಮೋನಿಯಾ ಮಳೆಗಾಲದ ತೇವದಲ್ಲಿ ಹಿತ್ತಾಳೆಯ ಮೇಲೆ ಕೂರುತ್ತಿತ್ತು. ತಗಡನ್ನು ಎಳೆದು ಎಳೆದು ತೋಟಾ ಮಾಡುವಾಗ ಒಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯಾ ಒಂದೇ ಇದ್ದರೆ ಹೀಗೆ ಸೀಳುತ್ತಿರಲಿಲ್ಲ, ಬಿಗಿತ ಒಂದೇ ಇದ್ದರೂ ಸೀಳುತ್ತಿರಲಿಲ್ಲ, ಎರಡೂ ಸೇರಿದವು. ಪರಿಹಾರವೂ ಸರಳ: ತೋಟಾ ತಯಾರಾದ ಮೇಲೆ ಹದವಾಗಿ ಕಾಯಿಸಿ ಆ ಬಿಗಿತ ಇಳಿಸಿಬಿಡುವುದು, ಅಮೋನಿಯಾದಿಂದ ದೂರ ಇಡುವುದು. ಲಾಯಕ್ಕೆ ಹೋಗಿ ಮೂಗು ಬಿಟ್ಟು ನೋಡದೆ ಬರೀ ಲ್ಯಾಬಿನಲ್ಲಿ ಕೂತು ಹಿತ್ತಾಳೆ ಪರೀಕ್ಷೆ ಮಾಡುತ್ತಿದ್ದರೆ ಇದು ಬಗೆಹರಿಯುತ್ತಲೇ ಇರಲಿಲ್ಲ.

ಕರಾವಳಿಯ ಕಾರ್ಖಾನೆಗಳಿಂದ ಬರುವ 304 ದರ್ಜೆಯ ಸ್ಟೇನ್‌ಲೆಸ್ ಪೈಪುಗಳದ್ದೂ ಇದೇ ಜಾತಿಯ ತೊಂದರೆ. ಬಿಸಿ ಪೈಪಿಗೆ ಹೊದಿಸಿದ ಇನ್ಸುಲೇಶನ್ನಿನೊಳಗೆ ಮಳೆ ನೀರು ಇಳಿದು, ಉಪ್ಪಿನಂಶ ಸೇರಿ, 60 ಡಿಗ್ರಿ ಮೇಲೆ ಅಲ್ಲೇ ಕುದಿಯುತ್ತ ಕೂತರೆ, ಒಳಗಿನಿಂದ ಅಲ್ಲ, ಹೊರಗಿನಿಂದ ಮರದ ಬೇರಿನ ಹಾಗೆ ಕವಲೊಡೆದು ಸೀಳುತ್ತದೆ. "ಸ್ಟೇನ್‌ಲೆಸ್ ಅಂತ ದುಪ್ಪಟ್ಟು ದುಡ್ಡು ಕೊಟ್ಟಿದ್ದೇವೆ" ಎಂದು ಸಿಟ್ಟಾಗುತ್ತಾರೆ. ಪೈಪಿನ ತಪ್ಪಿಲ್ಲ, ಹರಿದ ಇನ್ಸುಲೇಶನ್ ಹೊದಿಕೆಯನ್ನು ಯಾರೂ ಮುಚ್ಚಲಿಲ್ಲ.

ಹಾಗಾದರೆ ಮೆಟೀರಿಯಲ್ ಕೆಟ್ಟಿರುವುದೇ ಇಲ್ಲವೇ? ಇರುತ್ತದೆ, ಭೀಕರವಾಗಿಯೂ ಇರುತ್ತದೆ. 1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಮೇಲೆ ಹಾರುತ್ತಿದ್ದ ಯುನೈಟೆಡ್ 232 ವಿಮಾನದ ಬಾಲದ ಇಂಜಿನ್ನಿನಲ್ಲಿ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆದು, ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. 296 ಜನರಲ್ಲಿ 112 ಮಂದಿ ಸತ್ತರು. ಡಿಸ್ಕಿನ ದೊಡ್ಡ ತುಂಡು ಸಿಕ್ಕಿದ್ದು ಆ ಅಕ್ಟೋಬರಿನಲ್ಲಿ, ಹೊಲದಲ್ಲಿ ಕಟಾವು ಮಾಡುತ್ತಿದ್ದಾಗ. ಟೈಟಾನಿಯಂ ಕರಗಿಸುವಾಗಲೇ ಸೇರಿಕೊಂಡ, ನೈಟ್ರೋಜನ್ ತುಂಬಿ ಗಡುಸಾದ ಒಂದು ಸಣ್ಣ ಚುಕ್ಕೆ ಎಲ್ಲದರ ಮೂಲ. ಆ ಡಿಸ್ಕ್ 17 ವರ್ಷ ಹಾರಿತ್ತು. ಇಲ್ಲಿ ಮೆಟೀರಿಯಲ್ ಸರಿ ಇರಲಿಲ್ಲ, ಒಪ್ಪಿದೆ. ಆದರೆ ತನಿಖೆ ಅಲ್ಲಿಗೆ ನಿಲ್ಲಲಿಲ್ಲ. ಕೊನೆಯ ಸಲ ಇಂಜಿನ್ ಬಿಚ್ಚಿ ತಪಾಸಣೆ ಮಾಡಿದಾಗಲೇ ಬಿರುಕು ಪತ್ತೆ ಹಚ್ಚುವಷ್ಟು ಬೆಳೆದಿತ್ತು, ತಪ್ಪಿಹೋಯಿತು ಎಂದು ತನಿಖಾ ಮಂಡಳಿ ಹೇಳಿತು. ಸಪ್ಲೈಯರ್‌ನ ಮೇಲೆ ಹಾಕಿ ಕಡತ ಮುಚ್ಚಿದ್ದರೆ ಆ ತಪಾಸಣೆಯ ಪದ್ಧತಿ ಹಾಗೇ ಉಳಿದುಬಿಡುತ್ತಿತ್ತು.

ಇಷ್ಟು ಓದಿದ ಮೇಲೂ ನಿಮ್ಮಲ್ಲಿ ಏನಾದರೂ ಮುರಿದು ಲ್ಯಾಬಿಗೆ ತರುವುದಾದರೆ ಒಂದು ಉಪಕಾರ ಮಾಡಿ. ಎರಡು ತುಂಡನ್ನು ಒಂದಕ್ಕೊಂದು ಜೋಡಿಸಿ ನೋಡಬೇಡಿ. ಎಲ್ಲರೂ ಮಾಡುವ ಮೊದಲ ಕೆಲಸವೇ ಅದು, ಒಂದು ಸಲ ಉಜ್ಜಿದರೆ ಗೆರೆಗಳೆಲ್ಲ ಹೊರಟುಹೋಗುತ್ತವೆ. ವೈರ್ ಬ್ರಶ್ ಹಾಕಿ "ಕ್ಲೀನ್" ಮಾಡಬೇಡಿ. ಗ್ಯಾಸ್ ಕಟಿಂಗ್ ಮಾಡಲೇಬೇಕಿದ್ದರೆ ಮುರಿದ ಮುಖದಿಂದ ದೂರದಲ್ಲಿ ಮಾಡಿ. ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಪಕ್ಕದಲ್ಲಿ ಅಂಟಿದ್ದ ಕೆಸರು, ತುಕ್ಕು, ಗ್ರೀಸ್ ಇದ್ದರೆ ಅದನ್ನೂ ಬೇರೆ ಡಬ್ಬಿಯಲ್ಲಿ ತನ್ನಿ. ಡ್ರಾಯಿಂಗ್, ಟೆಸ್ಟ್ ಸರ್ಟಿಫಿಕೇಟ್, ಶಿಫ್ಟಿನ ಲಾಗ್ ಬುಕ್ ಬೇಕು. ಬೋಲ್ಟ್ ಆಗಿದ್ದರೆ ಪ್ಲೇಟಿಂಗ್ ಎಲ್ಲಿ ಮಾಡಿಸಿದಿರಿ, ಆಮೇಲೆ ಎಷ್ಟು ಹೊತ್ತು ಓವನ್ನಿನಲ್ಲಿ ಇಟ್ಟರು ಎಂದು ಕೇಳಿಕೊಂಡು ಬನ್ನಿ. ಪ್ಲೇಟಿಂಗಿನ ಹೈಡ್ರೋಜನ್ ಓವನ್ನಿನಲ್ಲಿ ಹೊರಹೋಗದೆ ಗಡುಸು ಬೋಲ್ಟಿನೊಳಗೇ ಉಳಿದರೆ ಬಿಗಿದ ಮರುದಿನ ತಲೆ ತಾನೇ ಹಾರುತ್ತದೆ. ಹಾಗೆಯೇ, ಅದೇ ಯಂತ್ರದಲ್ಲಿ ಮುರಿಯದೆ ಉಳಿದ ಜೋಡಿ ಭಾಗ ಇದ್ದರೆ ಅದನ್ನು ಖಂಡಿತ ತನ್ನಿ. ಬಿರುಕು ಅದರಲ್ಲೂ ಶುರುವಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅದು ಇನ್ನೂ ಓಡುತ್ತಿದೆ.